ಚಳಿಗಾಲದಲ್ಲಿ ಬಿಗ್ ಸರ್ ದಾರಿ

ಈ ಸಂಚಿಕೆಯ ಸಂಪಾದಕೀಯವನ್ನು ದಾವಣಗೆರೆಯಿಂದ ಬರೆಯುತ್ತಿದ್ದೇನೆ. ನಮ್ಮ ಸಂಘದಲ್ಲಿರುವ ದಾವಣಗೆರೆ, ಚಿತ್ರದುರ್ಗ ಕಡೆಯ ಸದಸ್ಯರ ತಂದೆತಾಯಿಯರಲ್ಲಿ ಕೆಲವರು ಡಿಸೆಂಬರ್ ರಜೆಗೆ ಕ್ಯಾಲಿಫೋರ್ನಿಯಾಕ್ಕೆ ಹೊರಡುವ ಸಿದ್ಧತೆಯಲ್ಲಿದ್ದಾರೆ. ಕಾರ್ಮೆಲ್‌ನಿಂದ ಸ್ಯಾನ್ ಸಿಮಿಯಾನ್‌ವರೆಗೆ ಸುಮಾರು 145 ಕಿ.ಮೀ. ಬಿಗ್ ಸರ್ ಎಂಬ ಬೆಟ್ಟಗಳ ಕರಾವಳಿಯಲ್ಲಿ ಕಡಲಂಚಿನಲ್ಲೇ ಸಾಗುವ ಒಂದನೇ ಹೆದ್ದಾರಿಯನ್ನು ಮಕ್ಕಳು ಫೋನಿನಲ್ಲಿ ವರ್ಣಿಸಿದ್ದಾರಾದ್ದರಿಂದ, ಆ ದಾರಿ ಚಳಿಗಾಲದಲ್ಲಿ ಹೇಗಿರುತ್ತದೆ ಎಂದು ಇವರೆಲ್ಲ ಕೇಳುತ್ತಿದ್ದಾರೆ.

ಇಲ್ಲಿಯವರಿಗೆ ಡಿಸೆಂಬರ್ ಕರಾವಳಿಗೆ ಹೋಗಲು ತಕ್ಕ ಕಾಲ. ಹಾವೇರಿ, ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದು ಕುಮಟಾ, ಗೋಕರ್ಣ ಸೇರುವವರಿಗೆ ಆಗ ಮಳೆಯ ಚಿಂತೆಯಿರುವುದಿಲ್ಲ. ಗುಡ್ಡ ಕುಸಿಯುವ ಭಯವೇನಿದ್ದರೂ ಮಳೆಗಾಲದ್ದು, 2024ರ ಜುಲೈನಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಆದಂತೆ. ಕ್ಯಾಲಿಫೋರ್ನಿಯಾದಲ್ಲಿ ಇದು ತಿರುವುಮುರುವು. ಅಲ್ಲಿ ಬೇಸಿಗೆ ಒಣಗಿರುತ್ತದೆ, ವರ್ಷದ ಮಳೆಯಲ್ಲಿ ಬಹುಪಾಲು ನವೆಂಬರ್‌ನಿಂದ ಮಾರ್ಚ್‌ವರೆಗೆ ಸುರಿಯುತ್ತದೆ. ರಜೆಯ ಉತ್ಸಾಹದಲ್ಲಿ ನಮ್ಮವರು ಈ ಒಂದು ಸಂಗತಿಯನ್ನು ಮರೆಯಬಾರದೆಂಬುದೇ ನನ್ನ ಕಳಕಳಿ.

ಚಿತ್ರದುರ್ಗದ ಕೋಟೆಯ ಬಂಡೆಗಳನ್ನು ನೋಡುತ್ತ ಬೆಳೆದವರಿಗೆ ಬೆಟ್ಟವೆಂದರೆ ಕದಲದ ವಸ್ತು. ಬಿಗ್ ಸರ್‌ನ ಸಾಂಟಾ ಲೂಸಿಯಾ ಬೆಟ್ಟಸಾಲು ಹಾಗಲ್ಲ. ಭೂಫಲಕಗಳ ಒತ್ತಡಕ್ಕೆ ಸಿಕ್ಕಿ ಅರೆದುಹೋದ ಕಲ್ಲು ಆ ಕಡಲಬದಿಯ ಇಳಿಜಾರಿನಲ್ಲಿ ಬಹಳಷ್ಟಿದೆ. ಕೋನ್ ಪೀಕ್ ಎಂಬ ಶಿಖರವಂತೂ ಕಡಲಿನಿಂದ ಐದು ಕಿ.ಮೀ. ಒಳಗೇ 1,571 ಮೀಟರ್ ಎತ್ತರಕ್ಕೆ ಏರಿದೆ. ಇಷ್ಟು ಕಡಿದಾದ, ಇಷ್ಟು ಸಡಿಲವಾದ ಮೈಯನ್ನು ಕೊರೆದು, ಕೈದಿಗಳ ದುಡಿಮೆಯನ್ನೂ ಬಳಸಿ ಮಾಡಿದ ದಾರಿ 1937ರಲ್ಲಿ ಪೂರ್ಣಗೊಂಡಿತು. ಅಂದಿನಿಂದಲೂ ಮಳೆ ಜೋರಾದಾಗಲೆಲ್ಲ ಅದು ಎಲ್ಲಾದರೊಂದು ಕಡೆ ಕುಸಿಯುತ್ತಲೇ ಬಂದಿದೆ. ಜೋರು ಮಳೆಗಾಲವೊಂದರ ಬೆನ್ನಿಗೆ, 2017ರ ಮೇ ತಿಂಗಳಲ್ಲಿ, ಮಡ್ ಕ್ರೀಕ್ ಬಳಿ ಬೆಟ್ಟದ ಮಗ್ಗುಲೇ ಕಡಲಿಗೆ ಜಾರಿದಾಗ ಅಲ್ಲಿ ಸಂಚಾರ ಮತ್ತೆ ಆರಂಭವಾದದ್ದು 2018ರ ಜುಲೈನಲ್ಲಿ. 2021ರ ಜನವರಿಯಲ್ಲಿ ರ‍್ಯಾಟ್ ಕ್ರೀಕ್ ಬಳಿ ರಸ್ತೆಯ ತುಂಡೊಂದು ಕೊಚ್ಚಿಹೋಯಿತು. ಹಿಂದಿನ ವರ್ಷದ ಕಾಡ್ಗಿಚ್ಚಿನಿಂದ ಮೇಲಿನ ಇಳಿಜಾರು ಬೋಳಾಗಿತ್ತು.

ಹಾಗೆಂದು ಹೋಗಬೇಡಿ ಎನ್ನಲಾರೆ, ಏಕೆಂದರೆ ಆ ಕರಾವಳಿ ಚಳಿಗಾಲದಲ್ಲೇ ಹೆಚ್ಚು ಜೀವಂತವಾಗಿರುತ್ತದೆ. ಒಣಹುಲ್ಲಿನ ಬೆಟ್ಟಗಳು ಹಸಿರಾಗುತ್ತವೆ. ಆರ್ಕ್‌ಟಿಕ್ ಕಡೆಯಿಂದ ಮೆಕ್ಸಿಕೋದ ಬಾಹಾ ಕೊಲ್ಲಿಗಳಿಗೆ ಮರಿ ಹಾಕಲು ಹೊರಟ ಬೂದು ತಿಮಿಂಗಿಲಗಳ ಉಸಿರಿನ ಕಾರಂಜಿ ಡಿಸೆಂಬರ್, ಜನವರಿಯಲ್ಲಿ ದಡದಿಂದಲೇ ಕಾಣಿಸುತ್ತದೆ. ಮರಳ ದಂಡೆಗೆ ಸುಮಾರು 80 ಅಡಿ ಧುಮುಕುವ ಮ್ಯಾಕ್‌ವೇ ಜಲಪಾತವನ್ನೂ, 1932ರಲ್ಲಿ ತೆರೆದ ಬಿಕ್ಸ್‌ಬಿ ಸೇತುವೆಯನ್ನೂ ಎಲ್ಲರೂ ನೋಡಿಯೇ ನೋಡುತ್ತಾರೆ. ನನ್ನನ್ನು ಕೇಳಿದರೆ, ಹಿರಿಯರ ಜೊತೆಗಿರುವವರು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಸ್ಯಾನ್ ಸಿಮಿಯಾನ್ ಬಳಿಯ ಪಿಯೆಡ್ರಾಸ್ ಬ್ಲಾಂಕಾಸ್‌ನಲ್ಲಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಆನೆ ಸೀಲ್‌ಗಳು ಎಂಬ ದೈತ್ಯ ಕಡಲ ಸಸ್ತನಿಗಳು ಅಲ್ಲಿಯ ದಂಡೆಯ ಮೇಲೆ ಈಯುತ್ತವೆ. ತಾಯಿ ಸುಮಾರು ನಾಲ್ಕು ವಾರ ತಾನೇನೂ ತಿನ್ನದೆ ಮರಿಗೆ ಹಾಲೂಡುತ್ತದೆ, ಎರಡು ಟನ್ ತೂಗುವ ಗಂಡುಗಳು ಎದೆಯೆತ್ತಿ ಕಾದಾಡುತ್ತವೆ. ರಸ್ತೆಯ ಪಕ್ಕದಲ್ಲೇ ಕಟಾಂಜನವಿರುವ ಕಾಲುದಾರಿಯಿದ್ದು, ಮಂಡಿನೋವಿನವರೂ ಹತ್ತಿಳಿಯುವ ಕಷ್ಟವಿಲ್ಲದೆ ನೋಡಬಹುದು.

ಹೊರಡುವ ದಿನ ಬೆಳಿಗ್ಗೆ ಆ ರಾಜ್ಯದ ಸಾರಿಗೆ ಇಲಾಖೆಯಾದ ಕ್ಯಾಲ್‌ಟ್ರಾನ್ಸ್ ಪ್ರಕಟಿಸುವ ರಸ್ತೆ ಸ್ಥಿತಿಯನ್ನು ತಪ್ಪದೆ ನೋಡಿರಿ. ನಡುವೆ ಎಲ್ಲಿಯಾದರೂ ಮುಚ್ಚಿದ್ದರೆ ಉತ್ತರದ ತುದಿಯಿಂದಲೋ ದಕ್ಷಿಣದ ತುದಿಯಿಂದಲೋ ಹೋದಷ್ಟು ಹೋಗಿ ಮರಳುವುದೂ ಪ್ರವಾಸವೇ. ಉತ್ತರದಿಂದ ದಕ್ಷಿಣಕ್ಕೆ ಬಂದರೆ ಕಡಲು ನಿಮ್ಮ ಬಲಬದಿಗಿದ್ದು, ಅಲ್ಲಲ್ಲಿ ಗಾಡಿ ನಿಲ್ಲಿಸುವುದು ಸುಲಭ. ಫೋನಿನ ಸಿಗ್ನಲ್ ಬಹುದೂರ ಸಿಗದು, ಪೆಟ್ರೋಲ್ ಅಪರೂಪ ಮತ್ತು ದುಬಾರಿ, ಕಾರ್ಮೆಲ್‌ನಲ್ಲೇ ತುಂಬಿಸಿಕೊಳ್ಳಿರಿ. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುವುದರಿಂದ, ನಾಲ್ಕರ ಹೊತ್ತಿಗೆ ತಿರುವುಗಳನ್ನು ದಾಟಿ ಪಿಯೆಡ್ರಾಸ್ ಬ್ಲಾಂಕಾಸ್ ತಲುಪುವಂತೆ ಹೊರಡುವುದು ಒಳ್ಳೆಯದು.