ಓದುವ ವೇಗದ ಬಗ್ಗೆ, ಪೋಷಕರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಎರಡನೇ ಕ್ಲಾಸಿನ ಮಕ್ಕಳೂ ದಪ್ಪ ಪುಸ್ತಕಗಳನ್ನು ಸರಸರ ಓದಿ ಮುಗಿಸುತ್ತಿದ್ದಾರೆ, ಖುಷಿಯೇ. ಆದರೆ ಸ್ಟಾಪ್‌ವಾಚ್ ಇಟ್ಟು ತೆಗೆದ ವಿಡಿಯೊಗಳನ್ನು ದಯವಿಟ್ಟು ಇಲ್ಲಿ ಹಾಕಬೇಡಿ.

ಅಕ್ಷರ ಬಿಡಿಸಿ ಓದುವುದೇ ಬೇರೆ, ಭಾಷೆಯ ಅರ್ಥ ಹಿಡಿಯುವುದೇ ಬೇರೆ. 1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು ಇವೆರಡನ್ನೂ ಗುಣಾಕಾರವಾಗಿ ಬರೆದರು: ಒಂದು ಸೊನ್ನೆಯಾದರೆ ಓದೂ ಸೊನ್ನೆ. ಕನ್ನಡದಲ್ಲಂತೂ ಕಾಗುಣಿತ, ಒತ್ತಕ್ಷರ ಪಳಗಿದ ಮಗು ಗೊತ್ತಿಲ್ಲದ ಪದವನ್ನೂ ತಡವರಿಸದೆ ಓದಿಬಿಡುತ್ತದೆ. ನಾವು ಮೋಸಹೋಗುವುದು ಅಲ್ಲೇ!

ಓದಿದ ಮೇಲೆ ‘ಅವನು ಯಾಕೆ ಹಾಗೆ ಮಾಡಿದ?’ ಅಂತ ಒಂದೇ ಪ್ರಶ್ನೆ ಕೇಳಿ. ಉತ್ತರ ಸ್ವಂತ ಮಾತಲ್ಲಿ ಬಂದರೆ ವೇಗ ಎಷ್ಟಿದ್ದರೂ ಚಿಂತೆಯಿಲ್ಲ. ಬಾರದಿದ್ದರೆ ಬೈಯಬೇಡಿ, ಜೊತೆಗೆ ಕೂತು ಆ ಪುಟ ಇನ್ನೊಮ್ಮೆ ಓದಿ. ಶನಿವಾರ ಹೊಸ ಪುಸ್ತಕ ಬೇಡ, ಈಗ ಓದುತ್ತಿರುವುದನ್ನೇ ಕಳಿಸಿ.