ಮೀಸಾ ಬಂದಿಗಳ ಕಾಗದಪತ್ರ ಉಳಿಸಿಕೊಡಿ: ಮುಖ್ಯಮಂತ್ರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಗಳಿಗೆ ನಮಸ್ಕಾರ.

ತುರ್ತು ಪರಿಸ್ಥಿತಿಯ ಕಾಲದ ಜೈಲು ರಿಜಿಸ್ಟರುಗಳು, ವಿಚಾರಣೆಯಿಲ್ಲದೆ ಸೆರೆಯಲ್ಲಿಡುವ ಮೀಸಾ ಕಾಯ್ದೆಯಡಿ ಒಳಗಿದ್ದ ಬಂದಿಗಳು ಮನೆಗೆ ಬರೆದ ಪತ್ರಗಳು, ಅವರ ಪರವಾಗಿ ಕದ್ದುಮುಚ್ಚಿ ಹಂಚಿದ ಕರಪತ್ರಗಳು. ಇವನ್ನೆಲ್ಲ ಒಂದು ಕಡೆ ಸೇರಿಸಿ ಕಾಪಾಡಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಜೈಲಿನ ಕಡತ ಒಂದು ಇಲಾಖೆಯದು, ಹಳೇ ದಾಖಲೆ ಕಾಪಾಡುವ ಪತ್ರಾಗಾರ ಇನ್ನೊಂದು ಇಲಾಖೆಯದು. ಇಬ್ಬರಿಗೂ ಒಟ್ಟಿಗೆ ಹೇಳಿ ಕೆಲಸ ಮಾಡಿಸಬಲ್ಲವರು ನೀವು. ಅದಕ್ಕೇ ನೇರವಾಗಿ ನಿಮಗೇ ಬರೆದೆ.

ಶೇಷಾದ್ರಿ ರಸ್ತೆಯ ಹಳೇ ಸೆಂಟ್ರಲ್ ಜೈಲು ಈಗ ಫ್ರೀಡಂ ಪಾರ್ಕ್ ಆಗಿದೆ. ಕಾವಲು ಗೋಪುರ ಹಾಗೇ ಇದೆ. ದಿನಾ ಅಲ್ಲಿ ಧರಣಿ, ಸಭೆ ನಡೆಯುತ್ತವೆ. 1975ರ ಜೂನ್ 26ರಂದು ಬೆಂಗಳೂರಿನಲ್ಲಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರಾ ಅವರನ್ನು ಬಂಧಿಸಿ ತಂದಿಟ್ಟಿದ್ದು ಇದೇ ಜೈಲಿಗೆ. ದೊಡ್ಡ ನಾಯಕರ ಸೆರೆವಾಸದ ಕಥೆ ಹೇಗೋ ಉಳಿಯುತ್ತದೆ. ಅವರು ಬರೆಯುತ್ತಾರೆ, ಬೇರೆಯವರೂ ಬರೆಯುತ್ತಾರೆ. ನನ್ನ ಚಿಂತೆ ಅದೇ ಗೋಡೆಯೊಳಗೆ ಹೆಂಗಸರ ಕಡೆ ಏನಾಯಿತು ಎಂಬುದು.

'ಸಂಸ್ಕಾರ' ಚಿತ್ರದ ಚಂದ್ರಿಯಾಗಿ ನಮಗೆಲ್ಲ ಪರಿಚಯವಿರುವ ಸ್ನೇಹಲತಾ ರೆಡ್ಡಿ ಅವರನ್ನು 1976ರ ಮೇ ತಿಂಗಳ ಆರಂಭದಲ್ಲಿ ಹಿಡಿದರು. ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ತಲೆಮರೆಸಿಕೊಂಡಿದ್ದ ದಿನಗಳು ಅವು. ಸ್ಫೋಟ ನಡೆಸಲು ಡೈನಮೈಟ್ ಕೂಡಿಟ್ಟರೆಂದು ಫರ್ನಾಂಡಿಸ್ ಮತ್ತಿತರರ ಮೇಲೆ ಹಾಕಿದ ಬರೋಡಾ ಡೈನಮೈಟ್ ಪ್ರಕರಣದಲ್ಲಿ ಇವರೂ ಇದ್ದಾರೆ ಎಂದರು. ಕೊನೆಗೆ ನೋಡಿದರೆ ಚಾರ್ಜ್‌ಶೀಟಿನಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಮೀಸಾ ಹಾಕಿ ಎಂಟು ತಿಂಗಳು ಒಳಗಿಟ್ಟರು. ಅವರಿಗೆ ಮೊದಲಿಂದಲೂ ಉಬ್ಬಸ. ಜೈಲಿನಲ್ಲಿ ಅದು ಜಾಸ್ತಿಯಾಗುತ್ತಲೇ ಹೋಯಿತು. ರಾತ್ರಿ ಹೊತ್ತು ಅವರು ಕೂಗಿಕೊಳ್ಳುತ್ತಿದ್ದುದು ತಮ್ಮ ಕೋಣೆವರೆಗೂ ಕೇಳಿಸುತ್ತಿತ್ತು ಎಂದು ದಂಡವತೆಯವರು ಮುಂದೆ ನೆನಪಿಸಿಕೊಂಡಿದ್ದಾರೆ. ದೇಹ ಪೂರ್ತಿ ಸೋತ ಮೇಲೆ 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. ಜನವರಿ 20ರಂದು ಅವರು ತೀರಿಕೊಂಡರು.

ಇಷ್ಟು ವಿವರ ನಮ್ಮ ಕೈಗೆ ಸಿಕ್ಕಿದ್ದಕ್ಕೆ ಒಂದು ಮುಖ್ಯ ಕಾರಣ ಅವರು ಜೈಲಿನಲ್ಲಿ ಬರೆದ ದಿನಚರಿ. ಕರ್ನಾಟಕ ಮಾನವ ಹಕ್ಕುಗಳ ಸಮಿತಿ 1977ರಲ್ಲೇ ಅದನ್ನು ಅಚ್ಚು ಹಾಕಿಸಿತು. ತನ್ನ ಕಾಯಿಲೆಯ ನಡುವೆಯೂ ಅವರು ಉಳಿದ ಹೆಣ್ಣು ಕೈದಿಗಳ ಪರ ದನಿ ಎತ್ತಿದ್ದರು. ಆ ಕೈದಿಗಳಿಗೆ ಬೀಳುತ್ತಿದ್ದ ಹೊಡೆತ, ಅವರಿಗೆ ಹಾಕುತ್ತಿದ್ದ ಊಟ, ಎಲ್ಲದಕ್ಕೂ ಜಗಳ ತೆಗೆದಿದ್ದರು. ಆದರೆ ಆ ಹೆಂಗಸರು? ಸಣ್ಣಪುಟ್ಟ ಕೇಸಿನಲ್ಲಿ ಒಳಗೆ ಬಿದ್ದಿದ್ದವರು ಡೈರಿ ಬರೆಯಲಿಲ್ಲ. ಅವರಿಗಾಗಿ ಸಮಿತಿ ಕಟ್ಟಿದವರೂ ಕಮ್ಮಿ. ಅವರ ಸುಳಿವು ಸಿಕ್ಕುವುದಿದ್ದರೆ ಜೈಲಿನ ದಾಖಲಾತಿ ಪುಸ್ತಕ, ಜೈಲು ಆಸ್ಪತ್ರೆಯ ರಿಜಿಸ್ಟರ್, ಭೇಟಿ ಪುಸ್ತಕ, ಇಂಥ ಕಡೆ ಮಾತ್ರ. ಯಾರಿಗೆ ಯಾವ ದಿನ ಯಾವ ಔಷಧಿ ಕೊಟ್ಟರು, ಯಾರನ್ನು ಆಸ್ಪತ್ರೆಗೆ ಕಳಿಸಿದರು, ಯಾರನ್ನು ಕಳಿಸಲಿಲ್ಲ ಎನ್ನುವುದನ್ನು ಹೇಳಬಲ್ಲ ಕಾಗದಗಳು ಅವು. ಜೈಲು ಪರಪ್ಪನ ಅಗ್ರಹಾರಕ್ಕೆ ಹೋಗಿ ಸುಮಾರು ಕಾಲು ಶತಮಾನವಾಯಿತು. 1975ರಿಂದ 77ರವರೆಗಿನ ಯಾವ ಕಡತ ಎಲ್ಲಿದೆ ಎಂದು ಸರ್ಕಾರ ಒಂದು ಪಟ್ಟಿ ಮಾಡಿ ಪ್ರಕಟಿಸಲಿ. ಬೆಂಗಳೂರಷ್ಟೇ ಅಲ್ಲ, ಬೆಳಗಾವಿ, ಬಳ್ಳಾರಿ ಜೈಲುಗಳದ್ದೂ ಬರಲಿ. ಪಟ್ಟಿ ಮುಗಿಯುವ ತನಕ ಒಂದು ಹಾಳೆಯೂ ವಿಲೇವಾರಿಗೆ ಹೋಗದಂತೆ ಇವತ್ತೇ ಸುತ್ತೋಲೆ ಹೊರಡಿಸಿ.

ಸರ್ಕಾರದ ಕಾಗದವೇ ಕಾಣೆಯಾಗುತ್ತದಾ ಎಂದು ಯಾರಾದರೂ ಕೇಳಬಹುದು. ತುರ್ತು ಪರಿಸ್ಥಿತಿಯ ಅತಿರೇಕಗಳ ತನಿಖೆ ನಡೆಸಿದ ಶಾ ಆಯೋಗದ ವರದಿಯನ್ನೇ ನೋಡಿ. ದೇಶದಲ್ಲಿ ಮೀಸಾದಡಿ 34,988 ಜನರನ್ನು ಬಂಧಿಸಿದ್ದರು ಎಂದು ಲೆಕ್ಕ ಕೊಟ್ಟ ವರದಿ ಅದು. 1978ರಲ್ಲಿ ಬಂತು. ಸರ್ಕಾರ ಬದಲಾದ ಮೇಲೆ ಅದರ ಪ್ರತಿ ಸಿಗುವುದೇ ಕಷ್ಟವಾಯಿತು. ಕೊನೆಗೆ 2010ರಲ್ಲಿ ತಮಿಳುನಾಡಿನ ಹಿರಿಯ ಸಂಸದೀಯ ಪಟು ಇರಾ ಸೆಳಿಯನ್ ತಮ್ಮ ಬಳಿ ಉಳಿದಿದ್ದ ಪ್ರತಿಯನ್ನು ಇಟ್ಟುಕೊಂಡು ಮತ್ತೆ ಅಚ್ಚು ಹಾಕಿಸಿದರು. ಒಬ್ಬರ ಮನೆಯ ಕಪಾಟಿನಲ್ಲಿ ಇದ್ದುದರಿಂದ ಒಂದು ಸರ್ಕಾರಿ ವರದಿ ಜನರಿಗೆ ಮತ್ತೆ ಸಿಕ್ಕಿತು.

ಮನೆಗಳಲ್ಲಿರುವ ಕಾಗದಗಳ ವಿಷಯ ಇನ್ನೂ ಅವಸರದ್ದು. 1975ರ ನವೆಂಬರಿನಲ್ಲಿ ತುರ್ತು ಪರಿಸ್ಥಿತಿ ವಿರೋಧಿಗಳ ಒಕ್ಕೂಟವಾದ ಲೋಕ ಸಂಘರ್ಷ ಸಮಿತಿಯ ಸತ್ಯಾಗ್ರಹ ಶುರುವಾದಾಗ ಇಪ್ಪತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಪತ್ರಿಕೆಗಳಿಗೆ ಸೆನ್ಸಾರ್ ಇದ್ದ ಕಾಲ. ಸುದ್ದಿ ಹಬ್ಬಿಸಿದ್ದು ಸೈಕ್ಲೋಸ್ಟೈಲ್ ಹಾಳೆಗಳು, ಅಂದರೆ ಸ್ಟೆನ್ಸಿಲ್ ಕೊರೆದು ಸಣ್ಣ ಯಂತ್ರದಲ್ಲಿ ತೆಗೆದ ಪ್ರತಿಗಳು. ಅಂಥದ್ದೊಂದು ಹಾಳೆಯನ್ನು ಹಿರಿಯರೊಬ್ಬರ ಮನೆಯಲ್ಲಿ ಕೈಯಲ್ಲಿ ಹಿಡಿದು ನೋಡಿದ್ದೇನೆ. ಕಾಗದ ಕಂದು ಬಣ್ಣಕ್ಕೆ ತಿರುಗಿದೆ. ಮಡಿಸಿದ ಗೆರೆಯಲ್ಲಿ ಮುಟ್ಟಿದರೆ ಪುಡಿ ಉದುರುತ್ತದೆ. ಮೂಲೆಗೆ ಹಾಕಿದ ಪಿನ್ನು ತುಕ್ಕು ಹಿಡಿದು ಕೆಂಪು ಕಲೆ ಬಿಟ್ಟಿದೆ. ಶಾಯಿ ಹಿಂಬದಿಗೆ ಇಳಿದು ಎರಡೂ ಕಡೆಯ ಅಕ್ಷರ ಕಲಸಿಕೊಂಡಿದೆ. ಕೆಳಗೆ ಅಚ್ಚು ಹಾಕಿದವರ ಹೆಸರಿಲ್ಲ, ವಿಳಾಸವಿಲ್ಲ. ಇದ್ದಿದ್ದರೆ ಅವರೂ ಒಳಗೆ ಹೋಗುತ್ತಿದ್ದರು ಅಲ್ವಾ? ಅದನ್ನು ಯಾರು ಬರೆದರು, ಯಾರು ಹಂಚಿದರು ಎಂದು ಹೇಳಬಲ್ಲವರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಮಕ್ಕಳು ಮನೆ ಖಾಲಿ ಮಾಡುವ ದಿನ ಇಂಥ ಕಟ್ಟುಗಳು ಹಳೇ ಪೇಪರಿನ ಜೊತೆ ತೂಕಕ್ಕೆ ಹೋಗುತ್ತವೆ.

ದಕ್ಷಿಣ ಆಫ್ರಿಕಾದ ರಾಬೆನ್ ದ್ವೀಪದ ರಾಜಕೀಯ ಕೈದಿಗಳು ತಮ್ಮ ಸಮಿತಿಗಳ ಪತ್ರ, ಲೆಕ್ಕ, ಆಟೋಟದ ಪಟ್ಟಿಗಳನ್ನು ಸೇಬಿನ ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿಟ್ಟಿದ್ದರು. ಅವು ಇವತ್ತು ಅಲ್ಲಿನ ವಿಶ್ವವಿದ್ಯಾಲಯವೊಂದರ ಸಂಗ್ರಹದಲ್ಲಿ ಜೋಪಾನವಾಗಿವೆ. ಓದುವವರಿಗೂ ಸಿಗುತ್ತವೆ. ನಮ್ಮಲ್ಲೂ ಪತ್ರಾಗಾರದ ಸಿಬ್ಬಂದಿಗೆ ಈ ಕೆಲಸ ಹೊಸದಲ್ಲ. ಅವರಿಗೆ ಜನ ಬೇಕು, ಸ್ಕ್ಯಾನರ್ ಬೇಕು, ಊರೂರಿಗೆ ಹೋಗಿ ಕಾಗದ ಪಡೆಯಲು ಆದೇಶ ಬೇಕು. ಕೊಡಲು ಮನಸ್ಸಿಲ್ಲದವರ ಮನೆಯಲ್ಲೇ ಸ್ಕ್ಯಾನ್ ಮಾಡಿ ಮೂಲವನ್ನು ಅವರಿಗೇ ಬಿಟ್ಟು ಬರಲಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಈ ಸಂಗ್ರಹ ಯಾವ ಪಕ್ಷದ್ದೂ ಆಗಬಾರದು. ಜನಸಂಘ, ಆರೆಸ್ಸೆಸ್‌ನವರು ಒಳಗಿದ್ದರು, ಸಮಾಜವಾದಿಗಳು, ಇಂದಿರಾ ಅವರಿಂದ ಬೇರೆಯಾಗಿದ್ದ ಸಂಸ್ಥಾ ಕಾಂಗ್ರೆಸ್ಸಿನವರು, ಮಾರ್ಕ್ಸ್‌ವಾದಿಗಳೂ ಇದ್ದರು. ಆಗ ಇಲ್ಲಿ ದೇವರಾಜ ಅರಸರ ಸರ್ಕಾರ. ಅವರ ಕಾಲದ ಭೂಸುಧಾರಣೆಯ ಕಡತ ಎಷ್ಟು ಮುಖ್ಯವೋ ಅದೇ ಕಾಲದ ಜೈಲು ಕಡತವೂ ಅಷ್ಟೇ ಮುಖ್ಯ. ಯಾರಿಗೆ ಮುಜುಗರವಾಗುತ್ತದೆ ಎಂದು ನೋಡಿ ಕಾಗದ ಆರಿಸಬಾರದು. ಹಾಗೆಂದು ಎಲ್ಲವನ್ನೂ ಸುಮ್ನೆ ಬಯಲಿಗಿಡಿ ಎನ್ನುತ್ತಿಲ್ಲ. ಸಾಮಾನ್ಯ ಕೈದಿಗಳ ಹೆಸರು, ಕಾಯಿಲೆಯ ವಿವರ ಕೆಲವು ಕಾಲ ಮುಚ್ಚಿರಬೇಕು. ಯಾವುದು ಎಷ್ಟು ವರ್ಷ ಎಂಬ ನಿಯಮವನ್ನು ಮೊದಲೇ ಬರೆದು ಎಲ್ಲರಿಗೂ ತಿಳಿಸಲಿ.

ಕೊನೆಯದಾಗಿ, ಫ್ರೀಡಂ ಪಾರ್ಕಿನಲ್ಲಿ ಉಳಿದಿರುವ ಹಳೇ ಜೈಲು ಕಟ್ಟಡದಲ್ಲೇ ಒಂದು ಓದುವ ಕೋಣೆ ಮಾಡಿಸಿಕೊಡಿ. ಸ್ಕ್ಯಾನ್ ಆದ ಪ್ರತಿಗಳು ಅಲ್ಲಿರಲಿ, ಮೂಲ ಪತ್ರಾಗಾರದಲ್ಲಿರಲಿ. ಅದಕ್ಕೆ ಸಮಯ ಹಿಡಿಯುತ್ತದೆ ಎಂದು ಗೊತ್ತು. ಕಡತ ನಾಶ ತಡೆಯುವ ಸುತ್ತೋಲೆಗೆ ಮಾತ್ರ ಸಮಯ ಬೇಕಿಲ್ಲ. ಅದನ್ನು ಈ ವಾರವೇ ಹೊರಡಿಸಿ.

ವಂದನೆಗಳೊಂದಿಗೆ,
ಬೆಂಗಳೂರಿನ ಒಬ್ಬ ನಾಗರಿಕ