ಭಾನುವಾರದ ಓದು: ಕೆಲ್ಮೆಂಡಿ ಬುಡಕಟ್ಟಿನ ಮೂಲ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 6ಕ್ಕೆ ಗೂಗಲ್ ಮೀಟ್‌ನಲ್ಲಿ ಉತ್ತರ ಅಲ್ಬೇನಿಯಾದ ಗುಡ್ಡಗಾಡಿನ ಕೆಲ್ಮೆಂಡಿಗಳ ಚರ್ಚೆ ಇದೆ. ಟಿಪ್ಪಣಿ ಬರೆಯಲು ಒಪ್ಪಿರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹಾಕಿ.

ಟಿಪ್ಪಣಿಯಲ್ಲಿ ಐತಿಹ್ಯ ಮತ್ತು ದಾಖಲೆಗಳನ್ನು ದಯವಿಟ್ಟು ಬೇರೆಬೇರೆ ಇಡಿ. ಹೊರಗಿನಿಂದ ಬಂದ ಯುವಕನೊಬ್ಬ ಕುರಿಗಾಹಿಯ ಮಗಳನ್ನು ಮದುವೆಯಾಗಿ ಕುಲ ಬೆಳೆಸಿದ ಎಂಬ ಕಥೆಯನ್ನು ಅಲ್ಬೇನಿಯಾ ಕುರಿತು ಅಧ್ಯಯನ ಮಾಡಿದ ಆಸ್ಟ್ರಿಯಾದ ವಿದ್ವಾಂಸ ಯೋಹಾನ್ ಗಿಯೋರ್ಗ್ ಫಾನ್ ಹಾನ್ ಬರೆದುಕೊಂಡದ್ದು 19ನೇ ಶತಮಾನದಲ್ಲಿ. ಅದರ ತಲೆಮಾರುಗಳನ್ನು ಎಣಿಸಿ ಇಸವಿ ಕಟ್ಟಬೇಡಿ. ವಂಶಾವಳಿ ಹೇಳುವಾಗ ನಡುವಿನ ಹೆಸರುಗಳು ಬಿಟ್ಟುಹೋಗುತ್ತವೆ, ಆಮೇಲೆ ಸೇರಿಕೊಂಡ ಮನೆತನಗಳೂ ಅದೇ ಮೂಲಪುರುಷನನ್ನು ಹೇಳಿಕೊಳ್ಳುತ್ತವೆ.

ಗಟ್ಟಿ ನೆಲ ಸಿಗುವುದು 1497ರ ಒಟ್ಟೋಮನ್ ತೆರಿಗೆ ದಫ್ತರದಲ್ಲಿ: 152 ಮನೆಗಳು. 1614ರಲ್ಲಿ ಆಡ್ರಿಯಾಟಿಕ್ ತೀರದ ಪಟ್ಟಣ ಕೋಟೋರ್‌ನ ಮರಿಯಾನೊ ಬೊಲಿಝಾ 178 ಮನೆ, 650 ಶಸ್ತ್ರಧಾರಿಗಳು ಎಂದು ಬರೆದ. ಇವು ಮನೆಗಳ ಲೆಕ್ಕ, ಜನಸಂಖ್ಯೆಯಲ್ಲ. ಹೆಚ್ಚಿನವರು ಎಡವುವುದು ಇಲ್ಲೇ.

ಇನ್ನೊಂದು ಗೊಂದಲ: 'ಫಿಸ್' ಎಂದರೆ ತಂದೆಯ ಕಡೆಯ ಕುಲ, 'ಬೈರಾಕ್' ಒಟ್ಟೋಮನ್ ಕಾಲದ ಸೈನಿಕ ಘಟಕ. ಎರಡನ್ನೂ 'ಬುಡಕಟ್ಟು' ಎಂದು ಬರೆದರೆ ಕೆಲ್ಮೆಂಡಿಯ ಕವಲುಗಳಾದ ಸೆಲ್ಸ, ವುಕ್ಲಿ, ನಿಕ್ಚಿಗಳ ಸಂಬಂಧವೇ ಅರ್ಥವಾಗುವುದಿಲ್ಲ.

ವಲಸೆಯ ಭಾಗ ಇನ್ನೂ ಯಾರೂ ತೆಗೆದುಕೊಂಡಿಲ್ಲ. 1737ರಲ್ಲಿ ಶುರುವಾದ ಆಸ್ಟ್ರಿಯಾ-ಒಟ್ಟೋಮನ್ ಯುದ್ಧದ ನಂತರ ಹಾಬ್ಸ್‌ಬರ್ಗ್ (ಆಸ್ಟ್ರಿಯಾದ ಅರಸು ಮನೆತನದ) ನೆಲಕ್ಕೆ ಹೋದವರು ಇಂದಿನ ಸರ್ಬಿಯಾದಲ್ಲಿರುವ ಸಿರ್ಮಿಯಾ ಪ್ರದೇಶದ ಹಳ್ಳಿಗಳಾದ ಹರ್ಟ್ಕೊವ್‌ಸಿ, ನಿಕಿನ್‌ಸಿಗಳಲ್ಲಿ ನೆಲೆಸಿದರು. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತ್ಯಂತ ಮುಖ್ಯವಾದ ಭಾಗ ಇದು. ಯಾರಾದರೂ ಇವತ್ತೇ 'ವಲಸೆ ನನಗಿರಲಿ' ಎಂದು ತಿಳಿಸಿ. ಬರುವವರೆಲ್ಲ ಹೆಸರು ಹಾಕಿ, ಲಿಂಕ್ ಶನಿವಾರ ಕಳಿಸುತ್ತೇನೆ.